ದಫೇದಾರನ ಗಟಾಲೆ

ಜೂನ್ 2, ಸೋಮವಾರ

ಈ ಪುಸ್ತಕವನ್ನು ನಾನಲ್ಲದೆ ಬೇರೆ ಯಾರು ತೆರೆದರೂ ಅವರ ಎಡಗಾಲಿನ ಚಪ್ಪಲಿ ಶಾಶ್ವತವಾಗಿ ಕಾಣೆಯಾಗಲಿ ಎಂದು ಘೋಷಿಸಿ, ಇಂದಿನ ದುಃಖವಾರ್ತೆಯನ್ನು ದಾಖಲಿಸುತ್ತೇನೆ.

ನನಗೆ ಮೋಸವಾಗಿದೆ. ಪದವಿ ಪರೀಕ್ಷೆ ಮುಗಿದ ಕೂಡಲೇ ಒಂದು ವಾರ ಸಮುದ್ರ ತೋರಿಸುತ್ತೇನೆ ಎಂದು ಅಕ್ಕ ಮಾತು ಕೊಟ್ಟಿದ್ದಳು. ಪರೀಕ್ಷೆ ಮುಗಿಯಿತು. ಸಮುದ್ರದ ಬದಲು ನಾಯಿ ಕೊಟ್ಟಳು.

ನಾಯಿ ಹೊಸದೇನಲ್ಲ. ಎಂಟು ತಿಂಗಳ ಹಿಂದೆ ಅವಳು ಕೆಲಸ ಮಾಡುವ ಆಸ್ಪತ್ರೆಯ ಕಾರು ನಿಲ್ಲಿಸುವ ಜಾಗದಲ್ಲಿ ಸಿಕ್ಕಿದ್ದು. ಕಂದು ಮೈ. ಒಂದು ಕಿವಿ ಯಾವಾಗಲೂ ಸೆಲ್ಯೂಟ್ ಹೊಡೆದ ಹಾಗೆ ನೆಟ್ಟಗೆ ನಿಂತಿರುತ್ತದೆ, ಅದಕ್ಕೇ ನಾನಿಟ್ಟ ಹೆಸರು ದಫೇದಾರ. ಅಕ್ಕ ಎಕ್ಸ್‌ರೇ ತೆಗೆಯಲು ಬೆಳಿಗ್ಗೆ ಎಂಟಕ್ಕೆ ಹೊರಡುವಾಗ ಅದನ್ನು ನಡುಮನೆಯ ಮೂಲೆಯ ಕಂಬಿಯ ಕ್ರೇಟಿಗೆ ಹಾಕಿ ಹೋಗುತ್ತಾಳೆ, ಇಲ್ಲದಿದ್ದರೆ ಸೋಫಾ ಉಳಿಯುವುದಿಲ್ಲ. (ಕ್ರೇಟಿಗೆ ನಾನಿಟ್ಟ ಹೆಸರು ಠಾಣೆ.) ಅವಳ ಹಿಂದೆ ಬಾಗಿಲು ಮುಚ್ಚಿತೋ ಇಲ್ಲವೋ, ದಫೇದಾರ ಗಂಟಲು ಹರಿಯುವ ತನಕ ಬೊಗಳುತ್ತದೆ. ನಾನೂ ಅಮ್ಮನೂ ಎದುರಿಗೇ ಕೂತಿದ್ದರೂ ಅಷ್ಟೇ. ನಾವು ಅದರ ಲೆಕ್ಕಕ್ಕೇ ಇಲ್ಲ.

ಸಂಜೆ ಅಮ್ಮ ಬಾಗಿಲ ಸಂದಿಯಲ್ಲಿ ಬಿದ್ದಿತ್ತೆಂದು ಒಂದು ಕಾಗದ ತಂದುಕೊಟ್ಟಳು. ಕಂಪ್ಯೂಟರಿನಲ್ಲಿ ಅಚ್ಚಾದದ್ದು. "ನಿಮ್ಮ ಮನೆಯ ನಾಯಿಯ ಗಟಾಲೆಯಿಂದ ಇತರ ನಿವಾಸಿಗಳಿಗೆ ತೊಂದರೆಯಾಗುತ್ತಿದೆ. ಇಪ್ಪತ್ತೊಂದು ದಿನಗಳೊಳಗೆ ಇದು ನಿಲ್ಲದಿದ್ದಲ್ಲಿ ನಾಯಿಯನ್ನು ಬೇರೆಡೆಗೆ ಕಳಿಸತಕ್ಕದ್ದು. ಕಾರ್ಯದರ್ಶಿ, ನಿವಾಸಿಗಳ ಸಂಘ."

ಅಕ್ಕ ಓದಿ ಸೋಫಾದ ಮೇಲೆ ಕುಸಿದಳು. "ಕೋತಿ, ನೀನೇ ಗತಿ ಕಣೇ. ಇಡೀ ದಿನ ಮನೇಲಿರೋಳು ನೀನೊಬ್ಬಳೇ."

"ಸಮುದ್ರ?"

"ಸಮುದ್ರ ಎಲ್ಲೂ ಓಡಿಹೋಗಲ್ಲ."

"ನಾಯೀನೂ ಓಡಿಹೋಗ್ತಿಲ್ಲ. ಅದೇ ತಾನೆ ತೊಂದರೆ?"

ಅಮ್ಮ ನಗಲಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತು ಅವಳಿಗೆ ನಗುವುದಕ್ಕೂ ಮೊಹರು ಬೇಕು. "ಸುಮ್ಮನಿದ್ರೆ ಇಲ್ಲಿರುತ್ತೆ. ಇಲ್ಲಾಂದ್ರೆ ನನ್ನ ಕೈಲಾಗಲ್ಲ, ಯಾರಿಗಾದ್ರೂ ಕೊಟ್ಟುಬಿಡ್ತೀನಿ" ಎಂದಳು.

ಹೀಗೆ ಗಟಾಲೆ ನಿವಾರಣಾಧಿಕಾರಿಯಾಗಿ ನನ್ನ ನೇಮಕವಾಯಿತು. ಅಭಿನಂದಿಸಲು ಯಾರೂ ಬರಲಿಲ್ಲ.

ಜೂನ್ 3, ಮಂಗಳವಾರ

ನನ್ನದು ವೈಜ್ಞಾನಿಕ ವಿಧಾನ. ಅಕ್ಕ ದಫೇದಾರನನ್ನು ಮುದ್ದಿಸುವ ದನಿಯನ್ನು ಅವಳಿಗೆ ಗೊತ್ತಾಗದ ಹಾಗೆ ಫೋನಿನಲ್ಲಿ ಹಿಡಿದಿಟ್ಟಿದ್ದೆ: "ಕಂದಾ, ಯಾರದು ಜಾಣ? ಯಾರದು?" ಇವತ್ತು ಅವಳು ಹೋಗಿ ಬೊಗಳಾಟ ಶುರುವಾದ ಕೂಡಲೇ ಹೊರಬಾಗಿಲ ಆಚೆ ನಿಂತು ಅದನ್ನು ಹಾಕಿದೆ.

ಒಳಗೆ ನಿಶ್ಶಬ್ದ. ಆಮೇಲೆ ಬಾಲ ಕಂಬಿಗೆ ಟಪಟಪ ಬಡಿಯುವ ಸದ್ದು. ಯುದ್ಧ ಗೆದ್ದವಳ ಠೀವಿಯಲ್ಲಿ ಒಳಗೆ ಬಂದೆ. ಅದು ನನ್ನನ್ನು ನೋಡಿತು. ನನ್ನ ಬೆನ್ನ ಹಿಂದೆ ನೋಡಿತು. ನನ್ನ ಕೈಯ ಫೋನನ್ನು ನೋಡಿತು. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿತು. ಮಧ್ಯಾಹ್ನದ ಊಟ ಮುಟ್ಟಲಿಲ್ಲ.

ಬೊಗಳಲಿಲ್ಲ ತಾನೆ? ತಾಂತ್ರಿಕವಾಗಿ ಇದು ಯಶಸ್ಸು. "ಯಾಕೆ ಊಟ ಬಿಟ್ಟಿದೆ?" ಎಂದು ಅಕ್ಕ ಕೇಳಿದಾಗ "ಹವಾಮಾನ" ಎಂದೆ.

ಜೂನ್ 5, ಗುರುವಾರ

ಪ್ರಾಣಿವೈದ್ಯರ ಕಾಂಪೌಂಡರ್ ಬಳಿ ಹೋಗಿ ಶರಣಾದೆ. ಅಲ್ಲಿ ವೈದ್ಯರು ಸೂಜಿ ಚುಚ್ಚುತ್ತಾರೆ, ಮಾತಾಡುವುದೆಲ್ಲ ಇವರೇ. ಎರಡೂ ಕೈ ತುಂಬ ಬೆಕ್ಕಿನ ಪರಚು ಗೆರೆ.

"ಮೊದಲು ಇದು ಹೇಳಮ್ಮ. ನಿಮ್ಮಕ್ಕ ಹೇಳಿ ಹೋಗ್ತಾರೋ, ಕಣ್ಣು ತಪ್ಪಿಸಿ ಹೋಗ್ತಾರೋ?"

"ಕಣ್ಣು ತಪ್ಪಿಸಿ. ನಾನು ಬಿಸ್ಕತ್ತು ತೋರಿಸ್ತೀನಿ, ಅವಳು ಜಾರಿಕೊಳ್ತಾಳೆ."

"ಕೆಟ್ಟಿದ್ದೇ ಅಲ್ಲಿ. ಕದ್ದು ಹೋದೋರನ್ನ ಅದು ಕಾಯ್ತಾನೇ ಇರುತ್ತೆ. ಎದುರಿಗೇ ಹೋಗಿ. ಒಂದು ನಿಮಿಷ, ವಾಪಸ್ ಬನ್ನಿ. ಎರಡು ನಿಮಿಷ, ವಾಪಸ್ ಬನ್ನಿ. ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ ಹೋಗಿ. ಹೋದೋರು ಬರ್ತಾರೆ ಅನ್ನೋದು ಅದಕ್ಕೆ ಗೊತ್ತಾಗ್ಬೇಕು. ಒಂದು ಮಾತ್ರ ನೆನಪಿರಲಿ, ಬೊಗಳ್ತಿರುವಾಗ ಬಾಗಿಲು ತೆಗೀಬೇಡಿ. ಬೊಗಳಿದ್ದಕ್ಕೇ ಬಂದ್ರು ಅಂದ್ಕೊಳ್ಳುತ್ತೆ. ಸುಮ್ಮನಾಗ್ಲಿ, ಹತ್ತು ಎಣಿಸಿ, ಆಮೇಲೆ ತೆಗೀರಿ."

"ಸುಮ್ಮನಾಗದೇ ಇದ್ರೆ?"

"ಆಗುತ್ತೆ ಬಿಡಮ್ಮ. ಎಂತೆಂಥವು ಆಗಿವೆ."

ಅಕ್ಕನಿಗೆ ಇದನ್ನೆಲ್ಲ ಒಪ್ಪಿಸಿದೆ. ಬಹಳ ಗಮನವಿಟ್ಟು ಕೇಳಿದಳು. "ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ಬೇಕಂತಾ?" ಎಂದು ಎರಡು ಸಲ ಕೇಳಿದಳು.

ಜೂನ್ 7, ಶನಿವಾರ

ಹೊರಡುವ ಸದ್ದಿಗೇ ಅದು ಬೊಗಳಬಾರದೆಂದು ಬೀಗದ ಕೈ ಅಲ್ಲಾಡಿಸಿ ಎಲ್ಲಿಗೂ ಹೋಗದೆ ಕೂರುವುದು. ಚಪ್ಪಲಿ ಮೆಟ್ಟಿ ಎಲ್ಲಿಗೂ ಹೋಗದೆ ಕೂರುವುದು. ಇದನ್ನು ದಿನಕ್ಕೆ ನಲವತ್ತು ಸಲ ಮಾಡುವ ನನ್ನನ್ನು ನೋಡಿ ಅಮ್ಮ, "ನಿನ್ನ ಓದು ಮುಗಿದದ್ದು ಇದಕ್ಕಾ?" ಎಂದಳು.

ಅದರ ಗಂಟಲನ್ನು ಸಿಡಿಸುವ ಎಲ್ಲಕ್ಕಿಂತ ದೊಡ್ಡ ಪಟಾಕಿ ಯಾವುದೆಂದರೆ, ಒಂದು ಮಾತು. "ಬರ್ತೀನಿ." ನಮ್ಮ ಭಾಷೆಯ ಈ ಮೋಸವನ್ನು ಒಂದು ನಾಯಿ ಕಂಡುಹಿಡಿಯಬೇಕಾಯಿತು. ಹೋಗುವವರೆಲ್ಲ ಬರ್ತೀನಿ ಎನ್ನುತ್ತಾರೆ. ಹೋಗ್ತೀನಿ ಎಂದರೆ ದೊಡ್ಡವರು ನಾಲಿಗೆ ಕಚ್ಚಿಕೊಳ್ಳುತ್ತಾರೆ. ದಫೇದಾರನ ನಿಘಂಟಿನಲ್ಲಿ ಬರ್ತೀನಿ ಎಂದರೆ ಹೋದಳು ಎಂದೇ ಅರ್ಥ. ಹಾಗಾಗಿ ಇಡೀ ದಿನ ಕ್ರೇಟಿನ ಎದುರು ಕೂತು ಬರ್ತೀನಿ, ಬರ್ತೀನಿ ಎಂದು ಜಪಿಸಿದೆ. ಸಂಜೆಯ ಹೊತ್ತಿಗೆ ಅದು ಮೂತಿ ಕೂಡ ಎತ್ತಲಿಲ್ಲ. ನನಗೇ ಆ ಮಾತಿನ ಅರ್ಥ ಮರೆತುಹೋಗಿತ್ತು.

ಜೂನ್ 10, ಮಂಗಳವಾರ

ಮೆಟ್ಟಿಲ ಮೇಲೆ ಕೂತು ಗಡಿಯಾರ ನೋಡುವುದೇ ವೃತ್ತಿಯಾಗಿದೆ. ಆರು ನಿಮಿಷ ಹೊರಗಿದ್ದೆ, ಬೊಗಳಿದ್ದು ಎರಡು. ಬಾಗಿಲು ತೆರೆದಾಗ ಅದು ಎದ್ದು ನಿಂತು, ನನ್ನ ಹಿಂದೆ ಯಾರೂ ಇಲ್ಲ ಎಂದು ಖಚಿತಪಡಿಸಿಕೊಂಡು, ಆಮೇಲೆ ಬಾಲವನ್ನು ಒಂದೇ ಒಂದು ಸಲ ಅಲ್ಲಾಡಿಸಿತು. ಸಂತಾಪ ಸೂಚಕವಾಗಿ.

ಅಕ್ಕನಿಗೆ ಈ ವಾರ ಹೆಚ್ಚುವರಿ ಡ್ಯೂಟಿ. ನಾಲ್ಕಕ್ಕೆ ಬರುವವಳು ಮೊನ್ನೆ ಐದಕ್ಕೆ ಬಂದಳು, ನಿನ್ನೆ ಆರಕ್ಕೆ, ಇಂದು ಏಳೂವರೆಗೆ. ಊರಿನವರ ಮೂಳೆಗಳೆಲ್ಲ ಒಟ್ಟಿಗೇ ಮುರಿಯುತ್ತಿವೆ.

ಜೂನ್ 12, ಗುರುವಾರ

ಅಕ್ಕ ಎರಡು ದಿನದ ತರಬೇತಿಗೆಂದು ಬೇರೆ ಊರಿಗೆ ಹೋದಳು. ದಫೇದಾರ ಹನ್ನೆರಡು ನಿಮಿಷ ಬೊಗಳಿ ನಿಲ್ಲಿಸಿತು. ಅಮ್ಮ ಬೇಕಾದ್ದು ಬೇಡದ್ದೆಲ್ಲ ಮಾಡಿ ನನಗೆ ತಿನ್ನಿಸಿದಳು. ರಬ್ಬರ್ ಉಂಡೆಯೊಳಗೆ ಬಿಸ್ಕತ್ತು ತುರುಕಿ ನಾನು ಅದಕ್ಕೆ ಕೊಡುವಾಗ ಇರುವಂಥದೇ ಮುಖ ಮಾಡಿಕೊಂಡಿದ್ದಳು.

ಜೂನ್ 14, ಶನಿವಾರ

ಅಕ್ಕ ಬಂದಳು. ದಫೇದಾರ ಕುಣಿಯಿತು. ನಾನೂ ಕುಣಿದೆ ಎಂದು ಅಮ್ಮ ಹೇಳುವುದು ಶುದ್ಧ ಸುಳ್ಳು.

ಜೂನ್ 16, ಸೋಮವಾರ

ಇಂದು ಐವತ್ತು ನಿಮಿಷ ಹೊರಗಿದ್ದೆ. ಒಂದೇ ಒಂದು ಬೊಗಳು, ಅದೂ ಆಕಳಿಕೆಯಂಥದ್ದು. ಈ ಸಾಧನೆ ಇತಿಹಾಸ ಸೇರಬೇಕಲ್ಲ? ಸಂಘದ ಕಾರ್ಯದರ್ಶಿಗೆ ಪ್ರಗತಿ ವರದಿ ಬರೆದೆ. ಅವರು ಕೆಳಮನೆಯಲ್ಲಿದ್ದಾರೆ, ನಿವೃತ್ತ ಪ್ರೂಫ್ ರೀಡರ್. ಮೂವತ್ತು ವರ್ಷ ಪತ್ರಿಕೆಯಲ್ಲಿ ತಪ್ಪು ಹುಡುಕಿ, ಈಗ ಲಿಫ್ಟಿನ ಫಲಕದಲ್ಲಿ ಹುಡುಕುತ್ತಾರೆ.

"ಮಾನ್ಯರೇ, ತಾವು ದಯಪಾಲಿಸಿದ ನೋಟಿಸಿಗೆ ಉತ್ತರವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಆಪಾದಿತ ದಫೇದಾರರ ಗಟಾಲೆಯು ಬಹುತೇಕ ನಿರ್ನಾಮವಾಗಿದೆ. ಇನ್ನುಳಿದ ಗಟಾಲೆಯನ್ನು ಗಡುವಿನೊಳಗೆ ಪೂರೈಸಲಾಗುವುದು. ತಮ್ಮ ಕಿವಿಗಳಿಗೆ ಅಭಿನಂದನೆಗಳು."

ಅವರ ಬಾಗಿಲ ಸಂದಿಯಲ್ಲಿ ತೂರಿಸಿ ಓಡಿಬಂದೆ.

ಜೂನ್ 17, ಮಂಗಳವಾರ

ಬೆಳಿಗ್ಗೆ ವರದಿ ವಾಪಸ್ ಬಂದಿತ್ತು. ಕೆಂಪು ಶಾಯಿ. 'ಗಟಾಲೆ' ಎಂಬಲ್ಲೆಲ್ಲ ಸುತ್ತು ಹಾಕಿ ಪಕ್ಕದಲ್ಲಿ 'ಗಲಾಟೆ?' ಎಂದು ಬರೆದಿದ್ದರು. ಕೊನೆಯಲ್ಲಿ, "ಯಾವ ನೋಟಿಸು?"

ನೋಟಿಸನ್ನೇ ಹಿಡಿದುಕೊಂಡು ಕೆಳಗಿಳಿದೆ. "ಸಾರ್, ತಪ್ಪು ನಂದಲ್ಲ, ನಿಮ್ಮದೇ. ನೋಡಿ, ನೀವೇ ಬರೆದಿದ್ದೀರಿ."

ಕನ್ನಡಕ ಏರಿಸಿ ಓದಿದರು. ಕೆಂಪಾದರು. "ನಾನು? ಗಟಾಲೆ? ಅಲ್ಲಮ್ಮಾ, ನನ್ನ ಹೆಸರು ಕೆಡಿಸೋಕೆ ಯಾರು ಮಾಡಿದ್ದು ಇದನ್ನ? ನಾನು ಯಾವ ನೋಟಿಸೂ ಕೊಟ್ಟಿಲ್ಲ. ನಾಯಿ ಬೊಗಳಿದ್ರೆ ನನಗೇನು, ಕಿವಿ ಮೆಷೀನು ತೆಗೆದಿಟ್ರೆ ಆಯ್ತು."

ಮೇಲೆ ಬರುತ್ತ ಅರ್ಧ ಮೆಟ್ಟಿಲಲ್ಲಿ ನಿಂತು ಆ ಪದವನ್ನು ಮೊದಲ ಸಲ ನೋಡುವವಳಂತೆ ನೋಡಿದೆ. ಮೂರು ವರ್ಷದವಳಿದ್ದಾಗ ಗಲಾಟೆ ಎನ್ನಲು ನಾಲಿಗೆ ಹೊರಳದೆ ನಾನು ಗಟಾಲೆ ಎನ್ನುತ್ತಿದ್ದೆನಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಬಳಕೆ, ಅದಕ್ಕೇ ಕಣ್ಣಿಗೆ ಚುಚ್ಚಲಿಲ್ಲ. ಈ ಭೂಮಿಯ ಮೇಲೆ ಆ ಪದವನ್ನು ಬಳಸುವವರು ಮೂವರು. ಅದರಲ್ಲಿ ನಾನು ಈ ನೋಟಿಸು ಬರೆದಿಲ್ಲ.

ಅಂಚೆ ಕಚೇರಿಗೆ ಹೋದೆ. ಸಾಲಿನಲ್ಲಿ ನಿಂತೆ, ಏಳನೆಯವಳು. ನನ್ನ ಸರದಿ ಬಂದಾಗ ನೋಟಿಸನ್ನು ಗಾಜಿನ ಕೆಳಗೆ ತಳ್ಳಿ, "ಇದನ್ನ ಬರೆದೋರಿಗೆ ವಾಪಸ್ ಕಳಿಸ್ಬೇಕು ಮೇಡಂ. ವಿಳಾಸ ಗೊತ್ತಿಲ್ಲ" ಎಂದೆ.

ಅಮ್ಮನ ಕೈಯ ಮೊಹರು ಗಾಳಿಯಲ್ಲೇ ನಿಂತಿತು. "ಮನೇಲಿ ಮಾತಾಡೋಣ ಕಣೇ."

"ವಿಳಾಸ ಮೇಡಂ."

"ಸಾಲು ದೊಡ್ಡದಿದೆ..."

"ನೋಡ್ತಿದ್ದೀನಿ."

ಅವಳು ದನಿ ತಗ್ಗಿಸಿದಳು. "ಅವಳಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ದೊಡ್ಡ ಆಸ್ಪತ್ರೆ. ಬರೋ ಸೋಮವಾರ ಹೊರಡ್ತಾಳೆ. ಮೊದಲೇ ಹೇಳಿದ್ರೆ ನೀನು ಗಟಾಲೆ ಮಾಡ್ತೀಯ ಅಂತ..."

"ಏನು ಮಾಡ್ತಾಳಂತೆ?" ಎಂದು ನನ್ನ ಹಿಂದಿದ್ದವರು ಅವರ ಹಿಂದಿದ್ದವರನ್ನು ಕೇಳಿದರು.

ಇಷ್ಟು ವರ್ಷ ಊರವರ ಕಾಗದಗಳನ್ನೆಲ್ಲ ಸರಿಯಾಗಿ ದಾಟಿಸಿದವಳು ಸ್ವಂತ ಮನೆಯೊಳಗೆ ಸುಳ್ಳು ಕಾಗದ ತಂದುಕೊಟ್ಟಳು. ಹಾಗೆಂದು ಜೋರಾಗಿ ಹೇಳಬೇಕೆಂದಿದ್ದೆ. ಬರೀ ಗಾಜಿಗೆ ಒರಗಿ ನಿಂತೆ.

ಜೂನ್ 18, ಬುಧವಾರ

ನಿನ್ನೆ ಸಂಜೆಯ ಸಭೆಯ ನಡಾವಳಿ. ಹಾಜರಿದ್ದವರು: ಅಕ್ಕ, ನಾನು, ಠಾಣೆಯೊಳಗಿಂದ ದಫೇದಾರ.

"ಯಾವಾಗಿಂದ ಗೊತ್ತು?"

"ಏಪ್ರಿಲ್."

"ಎರಡು ದಿನದ ತರಬೇತಿ?"

"ಅಲ್ಲಿ ಕ್ವಾರ್ಟರ್ಸ್ ನೋಡೋಕೆ ಹೋಗಿದ್ದೆ."

"ಹೆಚ್ಚುವರಿ ಡ್ಯೂಟಿ? ಐದು ಗಂಟೆ, ಆರು ಗಂಟೆ, ಏಳೂವರೆ?"

ಅವಳು ಉಗುರು ನೋಡಿಕೊಂಡಳು. "ಡ್ಯೂಟಿ ಇರ್ಲಿಲ್ಲ. ಆಸ್ಪತ್ರೆ ಕ್ಯಾಂಟೀನಲ್ಲಿ ಕೂತಿರ್ತಿದ್ದೆ. ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಆಗ್ಲಿ ಅಂತ."

"ನಾಯಿಗಾ?"

"ನಾಯಿಗೂ."

ಆ 'ಗೂ'ವಿನ ದೀರ್ಘವನ್ನು ಕೆಳಮನೆಯ ಕೆಂಪು ಶಾಯಿ ಕೂಡ ತಿದ್ದಲಾರದು.

ಹದಿನೈದು ದಿನ ನಾನು ಮೆಟ್ಟಿಲ ಮೇಲೆ ಗಡಿಯಾರ ಹಿಡಿದು ಕೂತಿದ್ದೆ. ನನ್ನ ಮೇಲೆ ಇನ್ನೊಂದು ಗಡಿಯಾರ ಓಡುತ್ತಿತ್ತು. ನಗು ಬರುವಂಥದ್ದೇ. ಬೇರೆಯವರ ಮನೆಯಲ್ಲಿ ನಡೆದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

"ನೇರವಾಗಿ ಹೇಳೋಕೆ ಏನಾಗಿತ್ತು ನಿಂಗೆ?"

"ಹಿಟ್ಟಿನ ಡಬ್ಬ" ಎಂದಳು.

ಆರು ವರ್ಷದ ಹಿಂದೆ ಅವಳಿಗೆ ಹೊರಗೆಲ್ಲೋ ಸಂದರ್ಶನವಿತ್ತು. ನನಗೆ ಹದಿನಾಲ್ಕು. ಅವಳ ಸರ್ಟಿಫಿಕೇಟುಗಳನ್ನು ಹಿಟ್ಟಿನ ಡಬ್ಬದೊಳಗೆ ಹೂತಿಟ್ಟೆ. ರೈಲು ಹೋದ ಮೇಲೆ ತೆಗೆದುಕೊಟ್ಟೆ. ಇಡೀ ಕಾಲೇಜಿಗೆ ಹೇಳಿ ನಗಿಸಿದ್ದೇನೆ, ನನ್ನ ಅತಿ ಪ್ರಸಿದ್ಧ ಕೃತಿ ಅದು.

"ನಿಂಗೆ ಅದು ತಮಾಷೆ. ನಂಗೆ ಆರು ವರ್ಷ ಕಣೇ. ಇದು ಅದೇ ಆಸ್ಪತ್ರೆ."

ಆಮೇಲೆ ಕ್ರೇಟಿನ ಕಡೆ ನೋಡಿ, "ಕ್ವಾರ್ಟರ್ಸಲ್ಲಿ ನಾಯಿ ಬಿಡಲ್ಲ. ಇಲ್ಲಿ ಗಟಾಲೆ ಮಾಡಿದ್ರೆ ಅಮ್ಮ ಇಟ್ಕೊಳ್ಳಲ್ಲ. ಅದು ಸುಮ್ಮನಿರೋದು ಕಲೀದಿದ್ರೆ ನಾನು ಹೋಗೋದೇ ಇಲ್ಲ ಅಂತ ಅಮ್ಮಂಗೆ ಹೇಳಿದ್ದೆ" ಎಂದಳು.

ಈ ಕೊನೆಯ ಮಾತನ್ನು ಅವಳು ನನ್ನ ಕಿವಿಗೆ ಬೀಳಿಸಬಾರದಿತ್ತು.

ಜೂನ್ 19, ಗುರುವಾರ

ಅಕ್ಕ ಡ್ಯೂಟಿಗೆ ಹೋದ ಮೇಲೆ, ಅಮ್ಮ ಹೊರಡುವ ಮೊದಲು, ಕೆಲಸ ಶುರುಮಾಡಿದೆ. ಫೋನಿನಿಂದ ಅಕ್ಕನ ದನಿ ಹಾಕಿದೆ. ದಫೇದಾರ ಒಂದು ಕಿವಿ ತಿರುಗಿಸಿ, 'ಇನ್ನೂ ಬಿಟ್ಟಿಲ್ಲವೇ ಇದನ್ನು' ಎಂಬಂತೆ ನನ್ನನ್ನು ನೋಡಿದ. ಬೀಗದ ಕೈ ಅಲ್ಲಾಡಿಸಿದೆ. ಚಪ್ಪಲಿ ಬಡಿದೆ. ಬರ್ತೀನಿ ಎಂದು ಕಿರುಚಿದೆ. ಆಕಳಿಸಿದ.

"ಬೊಗಳೋ! ಅವಳು ಹೋಗ್ತಾಳೆ ಕಣೋ, ಬೊಗಳೋ!"

ಕೊನೆಗೆ ಮೊಣಕಾಲೂರಿ ಕ್ರೇಟಿಗೆ ಮುಖ ಹಚ್ಚಿ ನಾನೇ ಬೊಗಳಿದೆ. ಚೆನ್ನಾಗಿಯೇ ಬೊಗಳಿದೆ. ಅವನು ಕಂಬಿಯ ಸಂದಿಯಿಂದ ಮುಂಗಾಲು ಚಾಚಿ ನನ್ನ ಮೊಣಕಾಲ ಮೇಲೆ ಇಟ್ಟ.

"ಯಾರೇ ಅದು ಗಟಾಲೆ ಮಾಡ್ತಿರೋದು?" ಅಡುಗೆಮನೆಯಿಂದ ಅಮ್ಮ.

"ನಾಯಿ" ಎಂದೆ.

ಅವನು ಕಾಲು ತೆಗೆಯಲಿಲ್ಲ.

ಜೂನ್ 20, ಶುಕ್ರವಾರ

ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಸೋಮವಾರಕ್ಕೆ ಅಕ್ಕ ಬರೆದಿದ್ದಾಳೆ: "ಬೆಳಿಗ್ಗೆ 10, ಚುಚ್ಚುಮದ್ದು. ಕೋತಿ ಕರ್ಕೊಂಡು ಹೋಗ್ಬೇಕು." ಅವಳ ಟ್ಯಾಕ್ಸಿ ಬರುವುದೂ ಹತ್ತಕ್ಕೇ ಎಂದು ಅಮ್ಮ ಬಾಯಿತಪ್ಪಿ ಹೇಳಿದಳು.

ಕಾಂಪೌಂಡರಿಗೆ ಫೋನು ಮಾಡಿದೆ. "ಚುಚ್ಚುಮದ್ದಾ? ಹೋದ ತಿಂಗಳೇ ಆಯ್ತಲ್ಲಮ್ಮ. ಇನ್ನು ಮುಂದಿನ ವರ್ಷ."

ಎಲ್ಲ ಗೊತ್ತಾದ ಮೇಲೂ. ಬಿಸ್ಕತ್ತು ತೋರಿಸಿ ಜಾರಿಕೊಳ್ಳುವ ಏರ್ಪಾಡು.

ಜೂನ್ 22, ಭಾನುವಾರ

"ನಾಳೆ ನಾನು ಎಲ್ಲಿಗೂ ಹೋಗಲ್ಲ" ಎಂದೆ.

"ಚುಚ್ಚುಮದ್ದು..."

"ಕಾಂಪೌಂಡರ್ ಹತ್ರ ಮಾತಾಡಿದೆ."

ಅಕ್ಕ ಮಡಚುತ್ತಿದ್ದ ಬಟ್ಟೆಯನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು. "ನಿನ್ನ ಮುಖ ನೋಡಿದ್ರೆ ನಂಗೆ ಹೋಗೋಕಾಗಲ್ಲ ಕಣೇ."

"ನೋಡಿಕೊಂಡೇ ಹೋಗ್ಬೇಕು. ಕದ್ದು ಹೋದೋರನ್ನ ಕಾಯ್ತಾನೇ ಇರುತ್ತೆ."

"ಯಾವುದು?"

"ನಾಯಿ. ಇನ್ಯಾವುದು?"

ಅವಳ ಸರ್ಟಿಫಿಕೇಟುಗಳ ಫೈಲು ಮೇಜಿನ ಮೇಲೇ ಇತ್ತು, ಇಡೀ ಮಧ್ಯಾಹ್ನ, ಯಾರ ಕಾವಲೂ ಇಲ್ಲದೆ. ಸಂಜೆ ಅದನ್ನು ನಾನೇ ಸೂಟ್‌ಕೇಸಿನೊಳಗಿಟ್ಟೆ. ಹಿಟ್ಟಿನ ಡಬ್ಬ ತುಂಬಿತ್ತು, ಜಾಗವಿರಲಿಲ್ಲ. ಬೇರೆ ಕಾರಣವೇನಿಲ್ಲ.

ಜೂನ್ 23, ಸೋಮವಾರ

ಹತ್ತು ಗಂಟೆ. ಅಕ್ಕನನ್ನು ರೈಲು ಹತ್ತಿಸಲು ಹೊರಟ ಅಮ್ಮ ಮೊದಲೇ ಕೆಳಗಿಳಿದು ಟ್ಯಾಕ್ಸಿಯಲ್ಲಿ ಕೂತಿದ್ದಳು. ಅಕ್ಕ ಕ್ರೇಟಿನ ಮುಂದೆ ಕೂತು ಕಂಬಿಯೊಳಗೆ ಬೆರಳು ತೂರಿಸಿದಳು. "ಕಂದಾ, ನಾನು ಹೊರಟೆ. ಇವತ್ತು ಸಂಜೆ ಬರಲ್ಲ. ನಾಳೇನೂ ಬರಲ್ಲ." ಅಷ್ಟು ಹೇಳಿ ಎದ್ದು ನನ್ನ ಕಡೆ ತಿರುಗಿದಳು. ನನ್ನ ಮುಖವನ್ನು ಪೂರ್ತಿಯಾಗಿ ನೋಡಿದಳು. ನಾನು ಯಾವ ಮುಖ ಮಾಡಿದ್ದೆನೋ ಗೊತ್ತಿಲ್ಲ.

"ಸಮುದ್ರ ಬಾಕಿ ಇದೆ" ಎಂದಳು.

"ಓಡಿಹೋಗಲ್ಲ ತಾನೆ."

ಹೊಸಿಲು ದಾಟಿ ಹೊರಗೆ ನಿಂತಳು. ದಫೇದಾರ ಮಲಗಿಯೇ ಇದ್ದ. ಕಣ್ಣು ಅವಳ ಮೇಲೆ, ಸದ್ದಿಲ್ಲ. ಇಪ್ಪತ್ತೊಂದು ದಿನದ ಕೆಲಸಕ್ಕೆ ಪೂರ್ತಿ ಅಂಕ. ಅಕ್ಕ ಅಲ್ಲೇ ನಿಂತಳು. ಒಂದೇ ಒಂದು ಸಲವಾದರೂ ಬೊಗಳಲಿ ಎಂದು ಕಾಯುವವರು ಹಾಗೆ ನಿಲ್ಲುತ್ತಾರೆ. ಅವನು ಬೊಗಳಲಿಲ್ಲ. ಅವಳು ಮೆಟ್ಟಿಲಿಳಿಯತೊಡಗಿದಳು.

ನಾನು ಸೂಟ್‌ಕೇಸ್ ಎತ್ತಿಕೊಂಡು ಹೊರಬಂದು ಬಾಗಿಲು ಎಳೆದುಕೊಂಡೆ. ಆಗ ಶುರುವಾಯಿತು. ಮೊದಲ ದಿನದ್ದೇ ಗಂಟಲು, ಗೋಡೆ ಅದುರುವಂಥದ್ದು.

ಅಕ್ಕ ಕೆಳಗಿನ ತಿರುವಿನಲ್ಲಿ ನಿಂತುಬಿಟ್ಟಳು. ಕಣ್ಣು ತುಂಬಿ, ಮುಖವೆಲ್ಲ ನಗು. "ನೋಡಿದ್ಯಾ? ನೋಡಿದ್ಯೇನೇ? ನನ್ನ ಬಿಟ್ಟಿರಲ್ಲ ಅದು."

ಅವಳು ಹೊಸಿಲು ದಾಟಿ ಆಗಲೇ ಎಷ್ಟು ಹೊತ್ತಾಗಿತ್ತು. ದಾಟಿದಾಗ ಅವನು ಸುಮ್ಮನಿದ್ದ. ಬೊಗಳಿದ್ದು ನಾನು ಬಾಗಿಲು ಎಳೆದುಕೊಂಡ ಮೇಲೆ. ಬಾಯಿಗೆ ಬಂದಿತ್ತು ಹೇಳಲು.

"ಹೂಂ. ನಿನ್ನ ಮೇಲೆ ಪ್ರಾಣ ಅವನಿಗೆ" ಎಂದೆ.

ಮೂರು ವಾರ ನನ್ನನ್ನು ಆಟ ಆಡಿಸಿದವಳಿಗೆ ನಾನು ಮಾಡಿದ್ದು ಇದೊಂದೇ ಮೋಸ. ಅದನ್ನೂ ಸಾಮಾನಿನ ಜೊತೆ ಹೊತ್ತುಕೊಂಡು ಹೋದಳು.

ಟ್ಯಾಕ್ಸಿ ತಿರುವು ದಾಟಿದ ನಂತರ ಮೇಲೆ ಬಂದೆ. ಅವನಿನ್ನೂ ಬೊಗಳುತ್ತಿದ್ದ. ಬೊಗಳುವಾಗ ಬಾಗಿಲು ತೆಗೆಯುವಂತಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತೆ. ಒಳಗೆ ಅವನು, ಹೊರಗೆ ನಾನು. ಕಾರ್ಯದರ್ಶಿಗಳು ಏನು ಸದ್ದೆಂದು ಮೇಲೆ ಹತ್ತಿ ಬಂದು, ನನ್ನನ್ನು ನೋಡಿ, ಏನನ್ನೂ ತಿದ್ದದೆ ಇಳಿದು ಹೋದರು.

ಇಬ್ಬರಲ್ಲಿ ದಫೇದಾರನೇ ಮೊದಲು ಸುಮ್ಮನಾದ.